ಯಾರ ಬೆರಳು ವೇಗ?

ಗೆಲ್ಸೆನ್‌ಕಿರ್ಶೆನ್
14 ಅಕ್ಟೋಬರ್ 1986, ಮಂಗಳವಾರ

ನಾರ್ಬರ್ಟ್,

ಮೊದಲು ‘ಪ್ರೀತಿಯ ಅಣ್ಣನಿಗೆ’ ಎಂದು ಬರೆದಿದ್ದೆ. ಆ ಹಾಳೆ ಹರಿದು ಬೇರೆ ಹಾಳೆ ತೆಗೆದುಕೊಂಡೆ. ಫೋನ್ ಮಾಡಬಹುದಿತ್ತು, ಆದರೆ ನಿನಗೆ ಮಧ್ಯೆ ಬಾಯಿ ಹಾಕುವ ಚಟ. ಕಾಗದದ ಮುಂದೆ ಬಾಯಿ ಮುಚ್ಚಿಕೊಂಡು ಕೂರಲೇಬೇಕು. ಕೂತು ಓದು.

ನಿನ್ನ ಪತ್ರಿಕೆಯ ಹೊಸ ಸಂಚಿಕೆ ಬಂತು. ಡಾರ್ಟ್‌ಮುಂಡ್‌ನ ನಿನ್ನ ಕೋಣೆಯಲ್ಲಿ ಟೈಪು ಮಾಡಿ, ನಕಲು ತೆಗೆದು, ಮಡಿಸಿ ಪಿನ್ನು ಹೊಡೆದ ಆ ನಾಲ್ಕು ಹಾಳೆಗಳನ್ನು ಈ ಸೀಮೆಯ ಥ್ರ್ಯಾಶ್ ಸಂಗೀತದ ಹುಚ್ಚಿನ ಹುಡುಗರು ವೇದವಾಕ್ಯ ಮಾಡಿಕೊಂಡಿದ್ದಾರೆ. ಅದು ಗೊತ್ತಿದ್ದೇ ನೀನು ಬರೆದೆ. ‘ಯಾರ ಬೆರಳು ವೇಗ?’ ಎಂದು ದಪ್ಪಕ್ಷರದ ತಲೆಬರಹ. ಒಂದು ಕಡೆ ನಮ್ಮ ಶ್ಲಾಗ್‌ವೆಟರ್ ಬ್ಯಾಂಡು, ಇನ್ನೊಂದು ಕಡೆ ಬೊಟ್ರೊಪ್ ಹುಡುಗರ ಕಾಲ್ಟ್‌ಬ್ರಾಂಡ್. ಅಲ್ಲಿ ಗಿಟಾರ್ ಹಿಡಿದವನು ಡೆಟ್ಲೆಫ್, ಇಲ್ಲಿ ನಿನ್ನ ಒಡಹುಟ್ಟಿದ ತಂಗಿ.

ನನ್ನದು ಅಚ್ಚುಕಟ್ಟಾದ ಕೈಯಂತೆ, ಆದರೆ ಪರೀಕ್ಷೆಗೆ ಕೂತ ಹುಡುಗಿಯ ಹಾಗೆ ನುಡಿಸುತ್ತೇನಂತೆ. ಕೈಗೆ ವೇಗ ಬಂದಿದೆ, ಕೋಪ ಬಂದಿಲ್ಲವಂತೆ. ಬಂದಿಲ್ಲವೇ? ಈಗ ಬಂದಿದೆ, ನೋಡಿಕೋ.

ಡೆಟ್ಲೆಫ್‌ಗೆ ಮಾತ್ರ ಅರ್ಧ ಪುಟ. ಅವರ ಕ್ಯಾಸೆಟ್ಟಿನಲ್ಲಿ ಹಾಡೆಲ್ಲ ಮುಗಿದ ಮೇಲೆ, ಬರೀ ಡ್ರಮ್ಸ್ ಜೊತೆ ಒಂದು ಒಂಟಿ ಗಿಟಾರ್ ಬರುತ್ತದೆ, ಅದನ್ನು ಕೇಳಿ ನೀನು ಕುರ್ಚಿ ಬಿಟ್ಟು ಎದ್ದು ನಿಂತೆಯಂತೆ. ಈ ಕೈ ಬೇಡುವುದಿಲ್ಲ, ಕಿತ್ತುಕೊಳ್ಳುತ್ತದೆ ಎಂದು ಬರೆದೆ. ಕೊನೆಯಲ್ಲಿ ಒಂದು ಮಗುವಿನ ನಗು ಕೇಳಿಸುತ್ತದೆ, ಎಂಥ ಕಲ್ಪನೆ ಎಂದು ಹೊಗಳಿದೆ. ನನ್ನ ಬಗ್ಗೆ ಅಂಥ ಒಂದು ಸಾಲನ್ನು ನೀನು ಬಾಯಿಮಾತಿಗೂ ಹೇಳಿದ್ದಿಲ್ಲ.

ಈಗ ನಿನ್ನ ಬರಹ ಮಾಡಿದ ಘನಕಾರ್ಯ ಕೇಳು. ಈ ಶನಿವಾರ ಯುವಕ ಭವನದಲ್ಲಿ ಎರಡೂ ಬ್ಯಾಂಡ್ ನುಡಿಸುತ್ತವೆ. ಬರ್ಲಿನ್ನಿನ ರೆಕಾರ್ಡ್ ಕಂಪನಿಯವನು ಕೇಳಲು ಬರುತ್ತಾನೆ, ಒಂದನ್ನು ಆರಿಸಿಕೊಂಡು ಹೋಗುತ್ತಾನೆ. ನಾನು ಬೇಕರಿಯಲ್ಲಿ ಬೆಳಗಿನ ಪಾಳಿ ಮಾಡಿಕೊಂಡು ಇಷ್ಟು ವರ್ಷ ಕಾದದ್ದು ಇದಕ್ಕೇ. ಕಳೆದ ಗುರುವಾರ ಅಭ್ಯಾಸಕ್ಕೆ ಯುದ್ಧಕಾಲದ ಆ ಹಳೆ ಬಂಕರಿಗೆ ಹೋದರೆ ಡ್ರಮ್ಸ್ ಬಾರಿಸುವ ನಮ್ಮ ಉವೆ ನಿನ್ನ ಪತ್ರಿಕೆ ಹಿಡಿದುಕೊಂಡು ಕೂತಿದ್ದ. ನನ್ನ ಮುಖ ನೋಡಲಿಲ್ಲ.

“ಬೇರೆ ಯಾರಾದ್ರೂ ಬರ್ದಿದ್ರೆ ಹೊಟ್ಟೆಕಿಚ್ಚು ಅಂತಿದ್ವಿ,” ಎಂದ. “ನಿಮ್ಮಣ್ಣನೇ ಹಿಂಗೆ ಬರ್ದ ಮೇಲೆ ನಾವೇನ್ ಹೇಳೋಣ ಬಿರ್ಗಿಟ್?”

ನನ್ನ ಜಾಗಕ್ಕೆ ಹೆರ್ನೆಯ ಒಬ್ಬನನ್ನು ಆಗಲೇ ಕರೆಸಿದ್ದರು. ನಾನು ಕಟ್ಟಿದ ಹಾಡುಗಳನ್ನು ಅವನಿಗೆ ನಾನೇ ತೋರಿಸಿಕೊಡಬೇಕಂತೆ. ಗಿಟಾರ್ ಹೆಗಲಿಗೆ ಹಾಕಿಕೊಂಡು ಎದ್ದು ಬಂದೆ. ಟ್ರಾಮಿನಲ್ಲಿ ಅತ್ತೆ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ, ನಾಚಬೇಕಾದವನು ನೀನು.

ಅಮ್ಮ ನಿನ್ನ ಪರ ವಹಿಸಿದಳು, ಎಂದಿನಂತೆ. ತಂಗಿಗೆ ಪಕ್ಷಪಾತ ಮಾಡಿದ ಎಂದು ಜನ ಆಡಿಕೊಳ್ಳಬಾರದಲ್ಲ, ಅದಕ್ಕೇ ಪಾಪ ಬಿಗಿಯಾಗಿ ಬರೆದಿದ್ದಾನೆ ಎಂದಳು. ಪಾಪವಂತೆ! ಮನೆಗೆ ಮಾರಿ, ಊರಿಗೆ ಉಪಕಾರಿ. ನಿನ್ನ ನ್ಯಾಯದ ತಕ್ಕಡಿ ನೆಟ್ಟಗೆ ನಿಲ್ಲಬೇಕಾದರೆ ನನ್ನ ಕುತ್ತಿಗೆಯೇ ಆಗಬೇಕಿತ್ತೇ?

ಭಾನುವಾರ ಮಧ್ಯಾಹ್ನ ಅಮ್ಮ ಆಲೂಗಡ್ಡೆ ತುರಿದು ಕರಿಯುತ್ತಿದ್ದಾಗ ಬಾಗಿಲು ತಟ್ಟಿದ ಸದ್ದಾಯಿತು. ನೋಡಿದರೆ ಡೆಟ್ಲೆಫ್! ಗೆದ್ದವನು ಗಾಯಕ್ಕೆ ಉಪ್ಪು ಹಚ್ಚಲು ಬಂದ ಎಂದುಕೊಂಡೆ. ಆದರೆ ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. ಹೋದಲ್ಲಿ ಬಂದಲ್ಲಿ ಎಲ್ಲರೂ ಆ ಒಂಟಿ ಗಿಟಾರನ್ನೇ ಕೇಳುತ್ತಿದ್ದಾರಂತೆ, ಬರ್ಲಿನ್ನಿನವನೂ ಅದನ್ನೇ ಕೇಳಬೇಕು ಎಂದಿದ್ದಾನಂತೆ.

“ಅದು ನಂದಲ್ಲ ಕಣೆ,” ಎಂದ. “ನನ್ ಕೈಲಿ ಆಗೋದೂ ಇಲ್ಲ. ಯಾರದ್ದು ಅಂತ ಪತ್ತೆ ಹಚ್ಚಿಕೊಡು, ಇಲ್ಲಾ ನಂಗೆ ಕಲ್ಸಿಕೊಡು.”

ನಮ್ಮೆಲ್ಲರ ಜೊತೆ ಅಂಚೆಯಲ್ಲಿ ಕ್ಯಾಸೆಟ್ಟು ಬದಲಾಯಿಸಿಕೊಳ್ಳುವ ಐಂಡ್‌ಹೋವೆನ್‌ನ ವಿಮ್ ನಿನಗೆ ಕಳಿಸಿದ ಕ್ಯಾಸೆಟ್ಟಿನದೇ ಇನ್ನೊಂದು ಪ್ರತಿ ಅವನ ಜೇಬಿನಲ್ಲಿತ್ತು. ಹಾಕಿದೆವು. ಮೊದಲ ಸಲ ನನಗೂ ಗೊತ್ತಾಗಲಿಲ್ಲ, ಇದು ನಿಜ. ಬೆರಳಿಗೆ ಮಾತ್ರ ಏನೋ ಗುರುತು ಸಿಕ್ಕಿತ್ತು, ಗಿಟಾರ್ ತೆಗೆದು ಜೊತೆಗೆ ಮೀಟಿದೆ. ಶ್ರುತಿ ಸೇರಲಿಲ್ಲ. ತಂತಿಗಳನ್ನು ಬಿಗಿ ಮಾಡುತ್ತಾ ಮಾಡುತ್ತಾ ಪೂರ್ತಿ ಒಂದು ಸ್ವರ ಮೇಲೇರಿಸಿದ ಮೇಲೆ ಕೂಡಿತು. ಈ ಸೀಮೆಯಲ್ಲಿ ಯಾವ ಥ್ರ್ಯಾಶ್ ಬ್ಯಾಂಡು ಅಷ್ಟು ಎತ್ತರದ ಶ್ರುತಿಯಲ್ಲಿ ನುಡಿಸುತ್ತದೆ, ಹೇಳು? ಯಾವುದೂ ಇಲ್ಲ. ಒಬ್ಬರ ಯಂತ್ರದಿಂದ ಇನ್ನೊಬ್ಬರ ಯಂತ್ರಕ್ಕೆ ಪ್ರತಿಯಾಗುತ್ತಾ ಬಂದು ಕ್ಯಾಸೆಟ್ಟಿನ ಓಟ ಹೆಚ್ಚಿತ್ತು, ಅದರ ಜೊತೆ ಶ್ರುತಿಯೂ ಏರಿತ್ತು. ಆ ಮಗುವಿನ ನಗು ಬಂದಾಗ ಡೆಟ್ಲೆಫ್ ನಿಲ್ಲಿಸುವ ಗುಂಡಿಯನ್ನು ಅರ್ಧ ಮಾತ್ರ ಒತ್ತಿ ಹಿಡಿದು ಓಟ ತಗ್ಗಿಸಿದ. ಮಗುವಲ್ಲ, ತಂತಿ ಕಿತ್ತುಹೋಯಿತು ಎಂದು ನಗುತ್ತಿರುವುದು ನಾನು.

ಹೌದು, ನಾನೇ. ಬೇಸಿಗೆಯಲ್ಲಿ ಬಂಕರಿನಲ್ಲಿ ಹಾಡು ಮುಗಿದ ಮೇಲೆ ಸುಮ್ಮನೆ ನುಡಿಸಿದ್ದು. ಹಾಗೆ ರೆಕಾರ್ಡ್ ಮಾಡಿಕೊಂಡದ್ದನ್ನು ವಿಮ್‌ಗೆ ನಾನೇ ಕಳಿಸಿದ್ದೆ. ಕ್ಯಾಸೆಟ್ಟು ಬದಲಾಯಿಸಿಕೊಳ್ಳುವ ನಮ್ಮಲ್ಲಿ ಕೊನೆಯಲ್ಲಿ ಖಾಲಿ ಬಿಟ್ಟು ಕಳಿಸುವುದು ಮರ್ಯಾದೆಯಲ್ಲ, ಉಳಿದ ಜಾಗಕ್ಕೆ ಬೇರೆ ಏನಾದರೂ ತುಂಬಿಸಿಯೇ ಕಳಿಸಬೇಕು. ಇದನ್ನು ನನಗೆ ಹೇಳಿಕೊಟ್ಟವನೇ ನೀನು. ಡೆಟ್ಲೆಫ್‌ನ ಹಾಡು ಮುಗಿದಲ್ಲಿ ವಿಮ್ ನನ್ನನ್ನು ತುಂಬಿಸಿದ್ದಾನೆ, ಹೆಸರು ಬರೆದಿಲ್ಲ. ನೀನು ನನ್ನನ್ನು ನನ್ನ ಜೊತೆಗೇ ಹೋಲಿಸಿ ನನ್ನನ್ನೇ ಸೋಲಿಸಿದೆ. ಅದಕ್ಕೆ ಡ್ರಮ್ಸ್ ಬಾರಿಸಿದವನು ಉವೆ. ತಾನೇ ಬಾರಿಸಿದ್ದನ್ನು ಹೊಗಳಿದ ಪತ್ರಿಕೆ ಹಿಡಿದುಕೊಂಡು ಆ ಕೋಣ ನನ್ನನ್ನು ಹೊರಗೆ ಹಾಕಿದ.

ಓಟ ಹೆಚ್ಚಿದ ಕ್ಯಾಸೆಟ್ಟು, ಅದರಿಂದ ವೇಗ ಅನ್ನಿಸಿತು ಎಂದು ಜಾರಿಕೊಳ್ಳಬೇಡ. ನೀನು ಹೊಗಳಿದ್ದು ವೇಗವನ್ನಲ್ಲ, ಕೋಪವನ್ನು. ಕೋಪ ಯಂತ್ರದಿಂದ ಬರುವುದಿಲ್ಲ. ಇನ್ನು ಹೋಲಿಕೆಯೇ ಬೇಕಾದರೆ ನನ್ನಿಂದ ಕಲಿ. ಡೆಟ್ಲೆಫ್‌ನಂಥ ಬಲಗೈ ಇಡೀ ರೂರ್ ಸೀಮೆಯಲ್ಲಿ ಯಾರಿಗೂ ಇಲ್ಲ. ಎಂಥ ಓಟದಲ್ಲೂ ಪ್ರತಿ ಏಟನ್ನೂ ಮೇಲಿನಿಂದ ಕೆಳಕ್ಕೇ ಹೊಡೆಯುತ್ತಾನೆ, ಒಂದೂ ತಪ್ಪುವುದಿಲ್ಲ. ನನ್ನ ಕೈ ಅಷ್ಟು ಹೊತ್ತು ತಡೆಯದು. ಥ್ರ್ಯಾಶ್ ನಿಂತಿರುವುದೇ ಆ ಬಲಗೈ ಮೇಲೆ, ಅದರ ಬಗ್ಗೆ ನೀನು ಒಂದಕ್ಷರ ಬರೆದಿಲ್ಲ. ಅವನಿಗೆ ಇಲ್ಲದ್ದನ್ನು ಹೊಗಳಿದೆ, ಇದ್ದದ್ದನ್ನು ಬಿಟ್ಟೆ. ಅವನಿಗೂ ಸಿಟ್ಟು ಬಂದಿದೆ, ಸಾಧು ಪ್ರಾಣಿ, ಬರೆಯುವುದಿಲ್ಲ ಅಷ್ಟೆ.

ನನ್ನ ಹೊಟ್ಟೆ ಉರಿಯುವುದು ಬೇರೆಯದಕ್ಕೆ. ಈ ಮನೆಯಲ್ಲಿ ಗೋಡೆಯ ಆಚೆ ಮಲಗಿದ್ದವನು ನೀನು. ನಾನು ಕಲಿಯುವಾಗಿನ ಒಂದೊಂದು ಅಪಸ್ವರವೂ ನಿನ್ನ ಕಿವಿಗೆ ಬಿದ್ದಿದೆ, ಬೂಟು ತೆಗೆದು ಗೋಡೆಗೆ ಬಡಿಯುತ್ತಿದ್ದೆ. ಅಷ್ಟು ಕೇಳಿದವನಿಗೆ ತಂಗಿಯ ಕೈ ಗುರುತು ಸಿಗಲಿಲ್ಲ. ಹೆಸರಿದ್ದಾಗ ಪರೀಕ್ಷೆಗೆ ಕೂತ ಹುಡುಗಿ, ಹೆಸರಿಲ್ಲದಿದ್ದಾಗ ಎದ್ದು ನಿಲ್ಲುವಂಥ ಗಿಟಾರ್. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಕೇಳಿದ್ದೆ, ಈಗ ಕಂಡೆ.

ತಿದ್ದುಪಡಿ ಹಾಕುತ್ತೇನೆ ಎಂದು ಟೈಪ್‌ರೈಟರಿನ ಮುಂದೆ ಕೂತುಬಿಡಬೇಡ. ನೀನು ಈಗ ನಿಜ ಬರೆದರೆ ಅಣ್ಣ ತಂಗಿಯ ಪರ ನಿಂತ ಎಂದು ಎಲ್ಲರೂ ನಗುತ್ತಾರೆ. ಸುಳ್ಳಿಗೆ ಸಿಕ್ಕ ಬೆಲೆ ನಿಜಕ್ಕೆ ಸಿಗದ ಹಾಗೆ ಮಾಡಿಟ್ಟಿದ್ದೀಯ.

ಡೆಟ್ಲೆಫ್‌ಗೆ ಕಲಿಸಲು ನೋಡಿದೆ. ಸಂಜೆವರೆಗೂ ಒದ್ದಾಡಿದ. ಆಮೇಲೆ ಗಿಟಾರ್ ಕೆಳಗಿಟ್ಟು, ಅಮ್ಮ ಕೊಟ್ಟದ್ದನ್ನು ಸೇಬಿನ ಗೊಜ್ಜು ಹಚ್ಚಿಕೊಂಡು ತಿಂದು ಹೇಳಿದ:

“ಇದಾಗ್ದು. ನೀನೇ ಬಾ, ನಮ್ ಜೊತೆ ನಿಂತ್ಕೊಂಡು ನುಡ್ಸು. ಯಾರದ್ದು ಅಂತ ನಾನೇ ಮೈಕಲ್ಲಿ ಹೇಳ್ತೀನಿ.”

ಹೋಗುತ್ತೇನೆ. ಶನಿವಾರ ಕಾಲ್ಟ್‌ಬ್ರಾಂಡ್ ಜೊತೆ, ನನ್ನ ಹಳೆಯ ಬ್ಯಾಂಡಿನ ಎದುರಿಗೆ. ಬರ್ಲಿನ್ನಿನವನು ಯಾರನ್ನು ಒಯ್ಯುತ್ತಾನೋ ಒಯ್ಯಲಿ. ನೀನು ಬಂದರೆ ನನಗೇನೂ ಆಗಬೇಕಾದ್ದಿಲ್ಲ, ಬರದಿದ್ದರೂ ಇಲ್ಲ.

ಬಿರ್ಗಿಟ್

ಮರೆತ ಮಾತು: ಮೇಲಿನ ಕೊನೆಯ ಸಾಲು ಸುಳ್ಳು. ಡೆಟ್ಲೆಫ್‌ಗೆಂದು ನೀನು ಬರೆದ ಆ ಅರ್ಧ ಪುಟ ನನಗೆ ಬಾಯಿಪಾಠವಾಗಿದೆ. ಕ್ಷಮೆ ಗಿಮೆ ಕೇಳಬೇಡ, ನಾನು ಕೊಡುವುದೂ ಇಲ್ಲ. ನಾನು ನುಡಿಸಿ ಕೆಳಗಿಳಿದಾಗ ಹತ್ತಿರ ಬಂದು ಅದನ್ನೇ ಒಮ್ಮೆ ನನ್ನ ಕಿವಿಯಲ್ಲಿ ಹೇಳು. ಪಕ್ಷಪಾತ ಎನ್ನುತ್ತಾರೆಂದು ಹೆದರಬೇಡ, ಆ ಗದ್ದಲದಲ್ಲಿ ಬೇರೆ ಯಾರಿಗೂ ಕೇಳಿಸುವುದಿಲ್ಲ.