ಹಾರಿಸಿದ ಎರಡು ಸುತ್ತು

ಈಜು ಮಾಸ್ಟರಿಗೆ ನಮಸ್ಕಾರ.

ಸಂಜೆ ಆರು ಗಂಟೆ. ಈಗಷ್ಟೇ ಈಜುಕೊಳದಿಂದ ಬಂದೆವು. ನಲವತ್ತು ದಾಟಿದ ನನ್ನ ತಂಗಿಗೆ ಇವತ್ತೂ ಹತ್ತನೇ ಸುತ್ತಿಗೆ ಉಬ್ಬಸ ಶುರುವಾಯಿತು. ಅವಳಿಗೆ ಸುತ್ತಿನ ಸಂಖ್ಯೆಯ ಹಲಗೆ ತೋರಿಸುವವಳು ನಾನೇ. ಬೇಗ ಮುಗಿಯಲೆಂದು ಎರಡು ಸಂಖ್ಯೆ ಹಾರಿಸಿ ತೋರಿಸಿದೆ. ಕೊನೆಗೆ ಅವಳು ಅಂಚು ಹಿಡಿದು ಏದುಸಿರಿನಲ್ಲೇ ನಕ್ಕಳು.

"ಅಕ್ಕಾ, ನನಗೇ ಟೋಪಿ ಹಾಕ್ತೀಯಾ? ನೀನು ಬಿಟ್ಟ ಎರಡನ್ನೂ ಸೇರಿಸಿಯೇ ಈಜಿದೀನಿ ಕಣೇ!"

ಹೋದ ವರ್ಷ ನಮ್ಮಣ್ಣ ಇದೇ ಉಬ್ಬಸದಿಂದ ತೀರಿಕೊಂಡ. ಆ ಮಾತೆತ್ತಿದರೆ ಎದ್ದು ಹೋಗುತ್ತಾಳೆ. ನೀವಾದರೂ ಸ್ಪರ್ಧೆಯಿಂದ ಅವಳ ಹೆಸರು ತೆಗೆಸಿ. ಆಗದಿದ್ದರೆ ಅವಳ ಉಸಿರಿನ ಪಂಪನ್ನು ನಿಮ್ಮ ಕೈಯಲ್ಲೇ ಇಟ್ಟುಕೊಂಡಿರಿ. ನಾನು ಬರೆದೆನೆಂದು ಹೇಳಬೇಡಿ.

ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಅವಳ ಸ್ಪರ್ಧೆ, ಮೂವತ್ತು ಸುತ್ತು.

ಇಂತಿ,
ಅವಳ ಅಕ್ಕ