ಎಲೆ ಉದುರಿದ ತಿಂಗಳ ಚಿತ್ರ

ಮಧುಗಿರಿ
೧೪ ಸೆಪ್ಟೆಂಬರ್ ೨೦೨೫, ಭಾನುವಾರ

ಪ್ರೀತಿಯ ತಮ್ಮ ಅಶ್ವತ್ಥನಿಗೆ,

ಹೇಗಿದ್ದೀಯಪ್ಪ? ವಳ್ಳೂರಿನ ಬಿಸಿಲಿನಲ್ಲಿ ದಿನವಿಡೀ ಸೋಲಾರ್ ಪ್ಯಾನಲ್ ಒರೆಸಿ ಬಂದಿದ್ದ ಭುಜದ ನೋವು ಕಡಿಮೆಯಾಯಿತೇ? ವೇದಾವತಿ, ಮಕ್ಕಳು ಚೆನ್ನಾಗಿದ್ದಾರೆಯೇ? ನೀನು ಫೋನ್ ಎತ್ತುವುದಿಲ್ಲ. ಅದಕ್ಕೇ ಈ ಕಾಗದ. ಅಮ್ಮ ಗಟ್ಟಿಯಾಗಿದ್ದಾಳೆ. "ಹದಿನೇಳ್ ವರ್ಸ ಗುಡ್ಡ ಕಾದೋನ್ನ ಕಳ್ಳ ಅಂದ್ಬುಟ್ರಲ್ಲ, ಅವರ ಬಾಯಿಗ್ ಮಣ್ಣಾಕ!" ಎಂದು ಬೈಯುತ್ತಲೇ ಉಣ್ಣುತ್ತಾಳೆ. ಪಕ್ಕದಲ್ಲಿ ಕೂತ ನಾನು ಎದ್ದು ಅವಳಿಗೆ ಸಾರು ಬಡಿಸುತ್ತೇನೆ.

ಹೋದ ಭಾನುವಾರ ಕುರಿ ಕಾಯುವ ಚಿಕ್ಕನರಸಯ್ಯನವರ ಜೊತೆ ದೊಣೆಗುಡ್ಡ ಹತ್ತಿದೆ. ಉಪಗ್ರಹದ ಚಿತ್ರ ನೋಡಿ ನಮ್ಮ ಕಚೇರಿ ಮಾಡಿದ ನಕ್ಷೆಯಲ್ಲಿ, ನಲವತ್ತು ಎಕರೆ ಮರ ಹೋಗಿದೆ ಎಂದು ಕೆಂಪು ಬಳಿದಿದ್ದ ಜಾಗ. ದಿಂಡಿಗದ ಮರಗಳು ಮೈತುಂಬ ಎಲೆ ಹೊತ್ತು ನಿಂತಿವೆ. ಕಡಿದ ಬೊಡ್ಡೆ ಒಂದೂ ಕಾಣಲಿಲ್ಲ. ಚಿಕ್ಕನರಸಯ್ಯ ನಕ್ಕುಬಿಟ್ಟರು: "ಬ್ಯಾಸ್ಗೇಲಿ ಇವು ಬೋಳಾಯ್ತವೆ ಕಣಮ್ಮ. ಎಂಎ ಓದ್ದೋರ್ಗೆ ಅಷ್ಟೂ ತಿಳೀದಾ? ನನ್ ಕುರಿಗ್ ಗೊತ್ತು!"

ನಕ್ಷೆಗೆ ಹೋಲಿಸಿದ ಎರಡು ಚಿತ್ರಗಳಲ್ಲಿ ಹಳೆಯದು ಎರಡು ವರ್ಷದ ಹಿಂದಿನ ನವೆಂಬರಿನದು, ಮಳೆ ಮುಗಿದ ಮೇಲಿನ ಹಸಿರು. ಕಳೆದ ನವೆಂಬರಿನಲ್ಲಿ ಉಪಗ್ರಹ ಹಾದುಹೋದ ದಿನಗಳಲ್ಲೆಲ್ಲ ಮೋಡ. ವರದಿಯ ಅವಸರಕ್ಕೆ ಈ ವರ್ಷದ ಮಾರ್ಚ್ ತಿಂಗಳ ಚಿತ್ರವನ್ನೇ ಪಕ್ಕಕ್ಕಿಟ್ಟು ಹೋಲಿಸಿದ್ದಾಯಿತು. ಎಲೆ ಉದುರಿದ್ದನ್ನು ಮರ ಕಡಿದದ್ದೆಂದು ಓದಿದ್ದಾಯಿತು. ಆ ನಕ್ಷೆಯನ್ನು ನಂಬಿ, ಮರ ಕಡಿಸಿದವನು ನೀನೇ ಎಂದು ಅರಣ್ಯ ಇಲಾಖೆಯವರು ನಿನ್ನನ್ನು ವಾಚರ್ ಕೆಲಸದಿಂದ ತೆಗೆದರು. ಶಿರಾದಿಂದ ಪಾವಗಡದವರೆಗಿನ ಸೀಮೆ ಆ ಪರದೆಯ ಮೇಲೆ ಅಂಗೈಯಗಲ ಕಾಣುತ್ತದೆ, ಅಶ್ವತ್ಥ. ನೀನು ನಡೆದು ನಡೆದು ಸವೆಸಿದ ಕಾಲುದಾರಿ ಮಾತ್ರ ಕಾಣುವುದಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ವೇದಾವತಿಗೆ ನನ್ನ ನೆನಪು ಹೇಳು, ಮಕ್ಕಳಿಗೆ ಅತ್ತೆಯ ಮುದ್ದು. ನಿಮ್ಮ ಮನೆಗೆ ಒಳ್ಳೆಯದಾಗಲಿ.

ನಿನ್ನ ಅಕ್ಕ,
ಸುನಿತಾ

ತಾ.ಕ.: ಲಕೋಟೆ ಅಂಟಿಸಲು ಕೈ ಬರಲಿಲ್ಲ. "ಆ ನಕ್ಷೆ ಮಾಡ್ದೋರು ಯಾರಕ್ಕ?" ಎಂದು ನೀನು ಕೇಳಿದ ದಿನ "ಯಾರೋ ಹೊಸಬರು" ಎಂದೆ. ಮಾಡಿದವಳು ನಾನು. ನಿನ್ನ ಗುಡ್ಡವೆಂದು ಗೊತ್ತಿತ್ತು. ಒಂದು ಫೋನ್ ಮಾಡಿ ನಿನ್ನನ್ನು ಕೇಳಬಹುದಿತ್ತು. ತಮ್ಮನ ಪಕ್ಷ ವಹಿಸಿದಳು ಅಂದಾರೆಂದು ಕೇಳಲಿಲ್ಲ. ಶುಕ್ರವಾರ ಎಲ್ಲವನ್ನೂ ಬರೆದು, ಸಹಿ ಹಾಕಿ ಕಚೇರಿಗೆ ಕೊಟ್ಟಿದ್ದೇನೆ. ೨೨ರ ಸೋಮವಾರ ಅಧಿಕಾರಿಗಳು ಗುಡ್ಡ ನೋಡಲು ಬರುತ್ತಾರೆ. ನೀನೂ ಬಾ. ನನ್ನ ಜೊತೆ ಮಾತಾಡದಿದ್ದರೂ ಸರಿ, ಅವರ ಮುಂದೆ ನಡೆ.