ಇಬ್ಬರಿಗೆ ಒಂದು ಜೊತೆ ಬೂಟು

ಅಕ್ಕಾ,

ನನ್ನ ಸ್ಕೀ ಟ್ರಿಪ್ಪಿಗೆಂದು ನೀನು ಚೀಟಿ ಎತ್ತಬೇಡ, ಪ್ಲೀಸ್! ಇಲ್ಲಿ ಸ್ಕೀ, ಬೂಟುಗಳ ಬಾಡಿಗೆ ಕೇಳಿ ಎದೆ ಧಸಕ್ಕೆಂದಿದ್ದು ನಿಜ. ಆದರೆ ನಾನೂ ರೂಮ್‌ಮೇಟೂ ಹಾಸ್ಟೆಲ್ ಬುದ್ಧಿ ಓಡಿಸಿ, ಇಬ್ಬರಿಗೂ ಸೇರಿ ಒಂದೇ ಸೆಟ್ ತೆಗೆದುಕೊಂಡೆವು. ಬೆಳಿಗ್ಗೆ ಅವಳು, ಮಧ್ಯಾಹ್ನ ನಾನು. ಬೂಟು ಅವಳ ಅಳತೆಯದು, ನಾನು ಎರಡು ಜೊತೆ ಕಾಲುಚೀಲ ತುರುಕುತ್ತೇನೆ. ಗುಡ್ಡ ಹತ್ತಿಸುವ ಲಿಫ್ಟಿಗೆ ದುಡ್ಡು ಕೊಡದೆ ಮಕ್ಕಳ ಇಳಿಜಾರನ್ನು ನಡೆದೇ ಹತ್ತುತ್ತೇವೆ. ‘ಇದೇನು ಸ್ನಾನದ ಬಕೆಟ್ಟೇನ್ರಮ್ಮಾ, ಪಾಳಿ ಹಚ್ಚೋಕೆ?’ ಎಂದು ಅಂಗಡಿ ಆಂಟಿ ನಕ್ಕು, ಕೈಗವಸು ಪುಕ್ಕಟೆ ಕೊಟ್ಟರು.

ಮೊಣಕಾಲು ತರಚಿದೆ ಅಷ್ಟೇ, ಅಮ್ಮನಿಗೆ ಹೇಳಬೇಡ. ನಿನ್ನೆ ಮೊದಲ ಸಲ ಬೀಳದೆ ಕೆಳಗಿನವರೆಗೆ ಜಾರಿದೆ! ಚೀಟಿ ದುಡ್ಡಲ್ಲಿ ನೀನು ಅಂದುಕೊಂಡಂತೆ ಡ್ರೈವಿಂಗ್ ಕಲಿ. ಅಗೋ, ಅವಳು ಬೂಟು ಬಿಚ್ಚುತ್ತಿದ್ದಾಳೆ, ನನ್ನ ಪಾಳಿ ಬಂತು.

ನಿನ್ನ ಪುಟ್ಟಿ